ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ

೨೦೦೩ನೆಯ ಇಸವಿ ಅಕ್ಟೋಬರ್ ೨೪, ಶುಕ್ರವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಮಸ್ಕತ್ ಹೊರಗಿನ ರುಸೈಲ್ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆ, ಅದರ ಸ್ಪ್ರೇ ಕೋಣೆ. ಹಾಜರಿದ್ದವರು ಇಬ್ಬರು. ಗುಣಮಟ್ಟ ಪರೀಕ್ಷೆಯ ಮುಖ್ಯಸ್ಥನಾದ ನಾನು. ಬಣ್ಣ ಹೊಂದಿಸುವ ವಿಭಾಗದ ಮೇಸ್ತ್ರಿ. ನಮ್ಮ ನಡುವೆ ಎರಡು ಸ್ಟ್ಯಾಂಡುಗಳ ಮೇಲೆ ಆರಡಿ ಉದ್ದದ ಮರದ ಕಾಂಕಾರ್ಡ್ ವಿಮಾನ, ಬಿಳಿ ಬಳಿದು ಒಣಗಿಸಿದ್ದು. ರಜಾದಿನವಾದ್ದರಿಂದ ಕಾರ್ಖಾನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೇಟಿನ ಕಾವಲುಗಾರ ಕೀಲಿಕೈ ಕೊಟ್ಟು, ಶುಕ್ರವಾರವೂ ಇವರಿಗೆ ಮನೆ ಬೇಡವಾ ಎಂಬಂತೆ ನೋಡಿ ಹೋಗಿದ್ದ.

ಮೇಸ್ತ್ರಿಗೆ ಅರವತ್ತು ತುಂಬಿತ್ತು. ವೀಸಾ ಮುಗಿದಿತ್ತು. ಮರುದಿನ ಸಂಜೆಯ ವಿಮಾನಕ್ಕೆ ಟಿಕೆಟ್. ರಂಜಾನ್ ಉಪವಾಸ ಶುರುವಾಗುವ ಮೊದಲು ಊರು ಸೇರಬೇಕೆಂದು ಅವರೇ ಆರಿಸಿದ ದಿನ. ಊರು ಮಂಗಳೂರಿನ ತೆಂಕಕ್ಕೆ, ಕಡಲ ಬದಿ. ಮನೆಯವರೊಡನೆ ಬ್ಯಾರಿ ಭಾಷೆ, ನನ್ನೊಡನೆ ಕನ್ನಡ, ಕೆಲಸದವರೊಡನೆ ಹಿಂದಿ, ಕಾವಲುಗಾರನೊಡನೆ ಅರಬ್ಬಿ. ಮಾತು ಕೇಳದ ಯಂತ್ರವನ್ನು ಬಯ್ಯಲು ಮಾತ್ರ ತುಳು.

ಅವರ ಹೆಸರು ಬರೆಯುವುದಿಲ್ಲ. ಜೀವನವಿಡೀ ಬೇರೆಯವರ ಹೆಸರಿಗೆ ಬಣ್ಣ ಕೊಟ್ಟವರು ತಮ್ಮದನ್ನು ಎಲ್ಲಿಯೂ ಹಾಕಿಸಿಕೊಳ್ಳಲಿಲ್ಲ. ಕಾರ್ಖಾನೆಯ ವಾರ್ಷಿಕ ಬಹುಮಾನದ ಫಲಕಕ್ಕೂ "ವಿಭಾಗ ಅಂತ ಬರೀರಿ ಸರ್, ಸಾಕು" ಎಂದವರು. ಹೋದ ತಿಂಗಳು ಅವರ ಮಗಳು ಈಗ ಮೈಸೂರಿನಲ್ಲಿರುವ ನನಗೆ ಫೋನ್ ಮಾಡಿ ತಂದೆ ತೀರಿಹೋದ ಸುದ್ದಿ ಹೇಳಿದಳು. ಹತ್ತು ನಿಮಿಷ ಮಾತಾಡಿದೆವು. ಅದರಲ್ಲಿ ಆರೇಳು ನಿಮಿಷ ಇಬ್ಬರೂ ನಗುತ್ತಿದ್ದೆವು. ಹಾಗಾಗಿ ಇದನ್ನು ಬರೆಯಲು ಕುಳಿತೆ.

ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದೆವು. ನಾನು ವಾಯುಸೇನೆಯ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ದುಡಿದು ಅಲ್ಲಿಗೆ ಹೋದವನು. ಏಳಕ್ಕೆ ಎಂದರೆ ಆರೂ ಐವತ್ತೈದಕ್ಕೆ ನನ್ನ ಮೇಜಿನ ಮುಂದಿರುತ್ತಿದ್ದೆ. ಮೇಸ್ತ್ರಿ ಆರೂವರೆಗೇ ಬಂದಿರುತ್ತಿದ್ದರು. ಅವರಿಗಿಂತ ಮೊದಲು ಬರಬೇಕೆಂದು ಒಂದು ವಾರ ಪ್ರಯತ್ನಿಸಿದೆ. ಅವರು ಆರಕ್ಕೆ ಬರತೊಡಗಿದರು. ಬಿಟ್ಟುಬಿಟ್ಟೆ.

ಅವರ ಕಣ್ಣಿನ ಬಗ್ಗೆ ಹೇಳಬೇಕು. ಬಣ್ಣ ಅಳೆಯುವ ಯಂತ್ರ ನಮ್ಮಲ್ಲಿಗೆ ಬಂದಾಗ ಅದರ ಮುಂದೆ ಕುರ್ಚಿ ಹಾಕಿ ಕುಳಿತು, ಎಡಗಣ್ಣು ಮುಚ್ಚಿ, ಮಾದರಿಗೆಂದು ಬಣ್ಣ ಬಳಿದ ಹನ್ನೆರಡು ತಗಡುಗಳ ಬಣ್ಣವನ್ನು ಬಾಯಲ್ಲಿ ಹೇಳಿದರು. ಯಂತ್ರ ಹನ್ನೊಂದಕ್ಕೆ ಒಪ್ಪಿತು. ಹನ್ನೆರಡನೆಯದಕ್ಕೆ ಯಂತ್ರದ ಗಾಜು ಒರೆಸಲು ಹೇಳಿದರು. ಒರೆಸಿದ ಮೇಲೆ ಅದಕ್ಕೂ ಒಪ್ಪಿತು. ಬಿಳಿ ಎಂದು ಸುಮ್ಮನೆ ಹೇಳಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಗಂಜಿ ತಿಳಿಯ ಬಿಳಿ, ನೀರುದೋಸೆಯ ಬಿಳಿ, ತೆಂಗಿನ ತುರಿಯ ಬಿಳಿ, ಬಂಗುಡೆಯ ಹೊಟ್ಟೆಯ ಬಿಳಿ ಎಂದು ಅವರಲ್ಲಿ ವಿಂಗಡಣೆ ಇತ್ತು. ಎಲ್ಲಕ್ಕಿಂತ ಮೇಲಿನದು ವಿಮಾನದ ಬಿಳಿ.

ವಿಮಾನ ಎಂದರೆ ಕಾಂಕಾರ್ಡ್ ಒಂದೇ. ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಪ್ರಯಾಣಿಕರನ್ನು ಒಯ್ಯುತ್ತಿದ್ದದ್ದು. ಉಳಿದವು ಅವರ ಪಾಲಿಗೆ ಬಸ್ಸು. ಗಲ್ಫಿಗೆ ಬಂದ ಹೊಸತರಲ್ಲಿ ಅವರು ಬಹರೇನಿನ ವಿಮಾನ ನಿಲ್ದಾಣದಲ್ಲಿ ಸ್ವಚ್ಛತೆಯ ಕೆಲಸಕ್ಕಿದ್ದರು. ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುವ ಕಾಂಕಾರ್ಡ್ ಆಗ ಅಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳುತ್ತಿತ್ತು. ಆ ಅವಧಿಯಲ್ಲಿ ಇವರು ಒಳಹೊಕ್ಕು ಗುಡಿಸಿ ಬರಬೇಕು. ಹೊರಗೆ ಬರುವಾಗ ಒಮ್ಮೆ ಮೈ ಮುಟ್ಟಿ ನೋಡುತ್ತಿದ್ದರಂತೆ. ಆಕಾಶದಿಂದ ಬಂದು ಎಷ್ಟು ಹೊತ್ತಾದರೂ ಬೆಚ್ಚಗೇ ಇರುತ್ತಿತ್ತಂತೆ. "ಆ ವೇಗಕ್ಕೆ ಅದು ಬಿಸಿಯಾಗಿ ಒಂದು ಗೇಣು ಉದ್ದ ಆಗ್ತದೆ ಸರ್. ಬಣ್ಣ ಹಿಡಿದು ನಿಂತರೆ ಆಗಲಿಲ್ಲ, ಜೊತೆಗೆ ಹೋಗಬೇಕು. ಇಲ್ಲದಿದ್ದರೆ ಬಿರುಕು ಬಿಟ್ಟು ಖಲಾಸ್." ಈ ಮಾತನ್ನು ನಾನು ತಾಂತ್ರಿಕ ಪತ್ರಿಕೆಯೊಂದರಲ್ಲಿ ಓದಿ ಸರಿ ಎಂದು ಖಚಿತಪಡಿಸಿಕೊಂಡಿದ್ದೆ. ಗುಡಿಸುವ ಕೆಲಸದವನು ಅಷ್ಟು ಸರಿಯಾಗಿ ತಿಳಿದುಕೊಂಡಿದ್ದಾನೆ ಎಂದಮೇಲೆ ಅವನ ಇನ್ನೊಂದು ಮಾತನ್ನೂ ನಾನು ನಂಬಬೇಕಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಬಿಳಿಯನ್ನು ಪರೀಕ್ಷಿಸಲು ಅವರದೇ ವಿಧಾನ ಒಂದಿತ್ತು. ಜೂನ್ ತಿಂಗಳ ಮಧ್ಯಾಹ್ನ ಹನ್ನೆರಡೂವರೆಗೆ ಕಾರ್ಖಾನೆಯ ಮಾಳಿಗೆಯ ಮೇಲೆ ತಗಡುಗಳನ್ನು ಸಾಲಾಗಿ ಮಲಗಿಸಿ, ಒಂದು ಗಂಟೆಗೆ ಹೋಗಿ ಅಂಗೈ ಹಿಂಭಾಗದಿಂದ ಮುಟ್ಟುತ್ತ ಬರುವುದು. ಕೈ ತಡೆದುಕೊಂಡ ತಗಡು ಪಾಸು. ಥರ್ಮಾಮೀಟರ್ ಕೊಟ್ಟೆ. ಅದನ್ನು ಗೌರವದಿಂದ ಜೇಬಿನಲ್ಲಿಟ್ಟುಕೊಂಡು ಕೈಯಿಂದಲೇ ಮುಟ್ಟಿದರು. ಹೀಗೆ ಆರಿಸಿದ ಬಿಳಿಯನ್ನು ಕೆಲಸದವರು ವಾಸಿಸುವ ಕ್ಯಾಂಪಿನ ಮಾಳಿಗೆಯ ನೀರಿನ ಟ್ಯಾಂಕುಗಳಿಗೆ ಯಾರನ್ನೂ ಕೇಳದೆ ಬಳಿದರು. ಅಲ್ಲಿಯ ತನಕ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಚಹಾ ಮಾಡಬಹುದಾದ ನೀರು ಬರುತ್ತಿತ್ತು. ಆಮೇಲೆ ಸ್ನಾನ ಮಾಡಬಹುದಾದ ನೀರು ಬಂತು. ಇನ್ನೂರು ಜನ ಅವರಿಗೆ ಕೃತಜ್ಞರಾದರು. ಅನುಮತಿ ಪಡೆಯಲಿಲ್ಲವೆಂದು ನಾನು ಒಂದು ಮೆಮೊ ಕೊಟ್ಟೆ. ಮೆಮೊ ತೆಗೆದುಕೊಂಡು, ಅದರ ಕಾಗದದ ಬಿಳಿಗೆ ಸ್ವಲ್ಪ ನೀಲಿ ಹೆಚ್ಚಾಗಿದೆ ಎಂದರು.

ಸಹಮ್ ಊರಿನ ಒಬ್ಬ ಮೀನು ವ್ಯಾಪಾರಿಯ ಕತೆಯೂ ಇದೇ ಜಾತಿಯದು. ಕೆಲವು ವರ್ಷಗಳ ಹಿಂದೆ ಒಂದು ತಂಪು ಪಾನೀಯದ ಕಂಪನಿ ಜಾಹೀರಾತಿಗಾಗಿ ಒಂದು ಕಾಂಕಾರ್ಡಿಗೆ ಕಡುನೀಲಿ ಬಳಿಸಿತ್ತು. ಅದರ ಚಿತ್ರವನ್ನು ಎಲ್ಲೋ ಕಂಡ ಈ ವ್ಯಾಪಾರಿ ಹೊಸ ಮೀನಿನ ವ್ಯಾನು ತಂದು, ಅದಕ್ಕೂ ಅಡಿಯಿಂದ ಮುಡಿಯವರೆಗೆ ಅದೇ ನೀಲಿ ಬೇಕೆಂದ. ಮೇಸ್ತ್ರಿ ಅವನನ್ನು ಕೂರಿಸಿ, ಅರಬ್ಬಿ ಕಾಫಿಯಾದ ಕಾವಾ ಕುಡಿಸಿ, ಅದೇ ಚಿತ್ರವನ್ನು ಮುಂದಿಟ್ಟು, ರೆಕ್ಕೆಗಳು ಯಾವ ಬಣ್ಣದಲ್ಲಿವೆ ನೋಡು ಎಂದರು. ರೆಕ್ಕೆ ಬಿಳಿಯೇ ಇತ್ತು. ರೆಕ್ಕೆಯೊಳಗೆ ಎಣ್ಣೆಯ ಟ್ಯಾಂಕು; ಅದು ಬಿಸಿಯಾಗಬಾರದು. ಅಷ್ಟಾದರೂ ನೀಲಿ ಬಿಸಿಯನ್ನು ಕುಡಿಯುತ್ತದೆಂದು ಆ ವಿಮಾನಕ್ಕೆ ಪೂರ್ತಿ ವೇಗದಲ್ಲಿ ಹೆಚ್ಚು ಹೊತ್ತು ಹಾರಬೇಡ ಎಂದು ಕಟ್ಟಪ್ಪಣೆ ಇತ್ತು. "ನೀನು ಸಹಮಿನಿಂದ ಮಸ್ಕತ್ತಿಗೆ ಬರುವಷ್ಟರಲ್ಲಿ ಮೀನು ಬೆಂದಿರ್ತದೆ. ಮಸಾಲೆ ಹಾಕಿಕೊಂಡೇ ಹೊರಡು" ಎಂದು ಅರಬ್ಬಿಯಲ್ಲಿ ಹೇಳಿ, ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು. ವ್ಯಾನಿನ ಬದಿಗಳು ನೀಲಿಯಾದವು, ಚಾವಣಿ ವಿಮಾನದ ಬಿಳಿಯಾಯಿತು. ವ್ಯಾಪಾರಿ ಪ್ರತಿ ತಿಂಗಳು ಒಂದು ಅಂಜಲ್ ಮೀನು ತಂದುಕೊಡುತ್ತಿದ್ದ. ನಾನು ಮೀನು ತಿನ್ನುವವನಲ್ಲ ಎಂದು ಗೊತ್ತಿದ್ದರೂ ಮೇಸ್ತ್ರಿ ಪ್ರತಿ ಸಲವೂ ಒಂದು ತುಂಡು ನನ್ನ ಹೆಸರಿನಲ್ಲಿ ತೆಗೆದಿಟ್ಟು, ನನ್ನ ಹೆಸರಿನಲ್ಲೇ ತಾವು ತಿನ್ನುತ್ತಿದ್ದರು.

ಈಗ ಆ ಇನ್ನೊಂದು ಮಾತು.

ಬಹರೇನಿನಲ್ಲಿ ತಾವು ಗುಡಿಸಿದ ಕಾಂಕಾರ್ಡಿನ ಎಡಬದಿಗೆ ಒಂದು ಕಂಪನಿಯ ಬಣ್ಣ, ಬಲಬದಿಗೆ ಇನ್ನೊಂದು ಕಂಪನಿಯ ಬಣ್ಣ ಇತ್ತು ಎಂದು ಮೇಸ್ತ್ರಿ ಹೇಳುತ್ತಿದ್ದರು. ಎಡಕ್ಕೆ ಸಿಂಗಪುರದವರ ನೀಲಿ-ಹಳದಿ ಪಟ್ಟೆ, ಬಾಲದಲ್ಲಿ ಒಂದು ಹಳದಿ ಹಕ್ಕಿ. ಬಲಕ್ಕೆ ಲಂಡನ್ನಿನವರ ಕೆಂಪು-ನೀಲಿ. ಇದನ್ನು ಯಾರೂ ನಂಬುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ನಂಬದವರು ಅವರ ಬಾವ, ಅಂದರೆ ಹೆಂಡತಿಯ ಅಣ್ಣ. ಈ ಬಾವನೂ ಅದೇ ನಿಲ್ದಾಣದಲ್ಲಿ ಸಾಮಾನು ಏರಿಸುವ ಕೆಲಸದಲ್ಲಿದ್ದವರು. ಆಮೇಲೆ ಒಮಾನಿನ ರುಸ್ತಾಕ್ ಊರಿಗೆ ಬಂದು ಬಟ್ಟೆಯಂಗಡಿ ಹಾಕಿದ್ದರು. ಅದೇ ವಿಮಾನವನ್ನು ನೂರು ಸಲ ಕಂಡಿದ್ದೇನೆ, ಬಾಲದಿಂದ ಮೂತಿಯವರೆಗೆ ಲಂಡನ್ ಬಣ್ಣವೇ ಎಂದು ಅವರ ವಾದ. ಊರಿನ ಪ್ರತಿ ಮದುವೆಯಲ್ಲೂ ಬಿರಿಯಾನಿಯ ಸುತ್ತ ಈ ವಾದ ನಡೆದು, ನಂಬಲಾಗದ್ದನ್ನು ಯಾರು ಹೇಳಿದರೂ "ಎರಡು ಬಣ್ಣದ ವಿಮಾನ" ಎನ್ನುವುದು ಆ ಕುಟುಂಬದ ಗಾದೆಯೇ ಆಗಿತ್ತು. ಮೇಸ್ತ್ರಿಯ ಮಗಳು ಶಾಲೆಗೆ ತಡವಾಗಿ ಹೋಗಿ ನೆಪ ಹೇಳಿದರೆ ತಾಯಿಯೂ ಅದನ್ನೇ ಹೇಳುತ್ತಿದ್ದರಂತೆ.

ತೊಂಬತ್ತೊಂಬತ್ತರ ಈದ್ ರಜೆಯಲ್ಲಿ ನಾನು ಸಂಸಾರ ಸಮೇತ ರುಸ್ತಾಕಿನ ಕೋಟೆ ನೋಡಲು ಹೋದೆ. ದಾರಿ ತೋರಿಸಲು ಮೇಸ್ತ್ರಿ ಬಂದರು. ಮಧ್ಯಾಹ್ನ ಬಾವನ ಮನೆಯಲ್ಲಿ ಊಟ. ಊಟದ ನಡುವೆ ವಾದ ಹತ್ತಿತು. ಬಾವ ನನ್ನ ಕಡೆ ತಿರುಗಿ, ಇವರು ವಿಮಾನಪಡೆಯ ಸಾರ್, ಇವರೇ ತೀರ್ಪು ಕೊಡಲಿ ಎಂದರು. ನಾನು ಊಟದ ಎಲೆಯ ಮುಂದೆ ತೀರ್ಪು ಕೊಡುವವನಲ್ಲ; ಪರಿಶೀಲಿಸಿ ತಿಳಿಸುತ್ತೇನೆ ಎಂದೆ. ಮನೆಗೆ ಬಂದು ವಿಮಾನಗಳ ಚಿತ್ರಗಳ ಫೈಲು ತೆಗೆದೆ. ಅದರಲ್ಲಿ ಆ ಕಾಲದ ಕಾಂಕಾರ್ಡಿನ ಒಂದು ಫೋಟೋ ಇತ್ತು. ಬಾಲದಿಂದ ಮೂತಿಯವರೆಗೆ ಲಂಡನ್ ಬಣ್ಣ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದೆ: ವಿಮಾನಕ್ಕೆ ಒಡೆಯ ಒಬ್ಬನೇ, ನೋಂದಣಿ ಒಂದೇ, ಆದ್ದರಿಂದ ಬಣ್ಣವೂ ಒಂದೇ, ಚಿತ್ರದ ಸಾಕ್ಷ್ಯವೂ ಇದೆ, ಎರಡು ಬಣ್ಣದ ವಿಮಾನ ಅಸಂಭವ. ದಿನಾಂಕ, ಸಹಿ. ಬಾವನಿಗೆ ಕಳಿಸಿದೆ. ಅವರು ಅದನ್ನು ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟರು.

ಮೇಸ್ತ್ರಿ ಅದನ್ನು ತಿಳಿದ ಮರುದಿನ ಬೆಳಿಗ್ಗೆ ಏಳಕ್ಕೆ ನನ್ನ ಮೇಜಿನ ಮೇಲೆ ತಗಡುಗಳನ್ನಿಟ್ಟು, "ಇವತ್ತಿನದ್ದು ಹದಿನಾಲ್ಕು ಸರ್" ಎಂದರು. ಅಷ್ಟೇ. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ವಿಮಾನದ ಬಿಳಿಯ ಮಾತೂ ನನ್ನೆದುರು ಕಡಿಮೆಯಾಯಿತು. ನಾನದನ್ನು ಗಮನಿಸಿದೆ, ಕಾರಣ ಕೇಳಲಿಲ್ಲ.

ನಾಲ್ಕು ವರ್ಷ ಕಳೆಯಿತು. ೨೦೦೩ರ ಸೆಪ್ಟೆಂಬರಿನಲ್ಲಿ ಪ್ರಯೋಗಾಲಯಕ್ಕೆ ಹೊಸ ಕೆಮಿಸ್ಟ್ ಬಂದ. ಉಪ್ಪುನೀರಿನ ಪರೀಕ್ಷೆ ಮುಗಿದ ಒಂದು ತಗಡನ್ನು ಪಾಸ್ ಎಂದು ಬರೆದು ತಂದ. ತಿರುಗಿಸಿದೆ. ಹಿಂಬದಿ ಪೂರ್ತಿ ತುಕ್ಕು. ಒಂದು ಬದಿ ನೋಡಿ ಇಡೀ ತಗಡಿಗೆ ಹೇಗೆ ಸಹಿ ಹಾಕಿದೆ ಎಂದು ಅವನನ್ನು ಚೆನ್ನಾಗಿ ಗದರಿಸಿದೆ. ಅವನು ಹೋದ ಮೇಲೆ ಆ ತಗಡನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ. ನನ್ನ ಫೈಲಿನ ಫೋಟೋದಲ್ಲಿ ವಿಮಾನದ ಮೂತಿ ಬಲಕ್ಕೆ ತಿರುಗಿತ್ತು. ಅಂದರೆ ಬಲಬದಿ. ಫೋಟೋಗೆ ಒಂದೇ ಬದಿ.

ಮನೆಗೆ ಹೋಗಿ, ಹತ್ತನೇ ತರಗತಿಯಲ್ಲಿದ್ದ ಮಗಳಿಗೆ ಕಂಪ್ಯೂಟರಿನಲ್ಲಿ ಹುಡುಕಲು ಹೇಳಿದೆ. ಅರ್ಧ ಗಂಟೆಯಲ್ಲಿ ಎರಡು ಚಿತ್ರ ಅಚ್ಚು ಹಾಕಿ ತಂದಳು. ಒಂದರಲ್ಲಿ ಹಳದಿ ಹಕ್ಕಿ, ಇನ್ನೊಂದರಲ್ಲಿ ಕೆಂಪು-ನೀಲಿ. "ಎರಡೂ ಒಂದೇ ಪ್ಲೇನ್ ಅಪ್ಪಾ, ರಿಜಿಸ್ಟ್ರೇಷನ್ ಸೇಮ್. ಲೆಫ್ಟ್ ಒಂದು ಕಂಪನಿ, ರೈಟ್ ಇನ್ನೊಂದು. ಸೋ ವಾಟ್?" ಎಂದಳು. ಎರಡು ಕಂಪನಿ ಸೇರಿ ಒಂದು ವಿಮಾನ ಓಡಿಸಿದ್ದವು. ಆಳಿಗೊಂದು ಬದಿ ಹಂಚಿಕೊಂಡಿದ್ದವು. ಅಷ್ಟು ಸರಳ.

ಮರುದಿನ ಚಿತ್ರಗಳನ್ನು ಮೇಸ್ತ್ರಿಯ ಕೈಗೆ ಕೊಟ್ಟು, ನಾನು ತಪ್ಪು ಬರೆದೆ, ಕ್ಷಮಿಸಬೇಕು ಎಂದೆ. ಅವರು ಎಡಗಣ್ಣು ಮುಚ್ಚಿ ಹಕ್ಕಿಯನ್ನು ಬಹಳ ಹೊತ್ತು ನೋಡಿದರು.

"ಪ್ರಿಂಟರ್ ಹಳದಿ ಕೆಡಿಸಿದೆ ಸರ್. ಇದಕ್ಕೆ ಸ್ವಲ್ಪ ಕೆಂಪು ಬೇಕು."

ಆಮೇಲೆ ಹೇಳಿದರು:

"ನಿಮಗೆ ಗೊತ್ತಾಯ್ತು, ಸಂತೋಷ. ಆದರೆ ರುಸ್ತಾಕಿನಲ್ಲಿ ಒಂದು ಕಾಗದ ಉಂಟಲ್ವಾ. ನಾನು ಇನ್ನು ಒಂದು ತಿಂಗಳಿಗೆ ಊರಿಗೆ ಹೋಗುವವ. ಇಪ್ಪತ್ತೇಳು ವರ್ಷದಲ್ಲಿ ಇಲ್ಲಿ ಕಂಡದ್ದನ್ನು ಮನೆಯಲ್ಲಿ ಕೂತು ಹೇಳಬೇಕು, ಬೇರೆ ಎಂತ ಕೆಲಸ ಉಂಟು ನನಗೆ? ಆ ಒಂದು ವಿಮಾನ ಸುಳ್ಳಾದರೆ ಉಳಿದದ್ದೂ ಸುಳ್ಳೇ ಆಗ್ತದೆ."

ಚಿತ್ರಗಳನ್ನು ಬಾವನಿಗೆ ಕಳಿಸುತ್ತೇನೆ ಎಂದೆ. ಬೇಡವೆಂದರು. ಕಂಪ್ಯೂಟರಿನಲ್ಲಿ ಮಾಡಿದ್ದು ಎನ್ನುತ್ತಾನೆ. ಅವನು ಸುತ್ತು ಬಂದು ಕಣ್ಣಾರೆ ನೋಡಬೇಕು, ಜೊತೆಗೆ ತೀರ್ಪು ಕೊಟ್ಟವರ ಬಾಯಿಂದಲೇ ಕೇಳಬೇಕು ಎಂದರು.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಬಣ್ಣ ಹೊಂದಿಸುವವರು ಕೆಲಸ ಬಿಟ್ಟು ಹೋಗುವಾಗ ಕೊನೆಯದಾಗಿ ಒಂದು ತಗಡು ಬಳಿಯಬೇಕು. ನಾನು ಅದನ್ನು ಉಳಿದ ತಗಡುಗಳಂತೆಯೇ ಪರೀಕ್ಷಿಸಿ, ಫಾರಂ ತುಂಬಿ, ಪ್ರಯೋಗಾಲಯದ ಓಣಿಯ ಗೋಡೆಗೆ ತೂಗುಹಾಕಬೇಕು. ಫೇಲಾದರೆ ತೂಗುಹಾಕುವಂತಿಲ್ಲ. ಮೇಸ್ತ್ರಿ ನನ್ನ ನಿಯಮ ಪುಸ್ತಕವನ್ನೇ ತರಿಸಿ ತೋರಿಸಿದರು. ತಗಡು ಚಪ್ಪಟೆ ಇರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಮರದಿಂದ, ಸಂಜೆ ಹೊತ್ತು ಕೆತ್ತಿ, ಮೂರು ವಾರದಲ್ಲಿ ವಿಮಾನ ಸಿದ್ಧವಾಯಿತು. ಶುಕ್ರವಾರಕ್ಕೆ ಪಟ್ಟೆ, ಬಾಲ, ಅಕ್ಷರ ಮಾತ್ರ ಉಳಿದಿದ್ದವು. ಅದೇ ದಿನ ಸಂಜೆ ನಿಜವಾದ ಕಾಂಕಾರ್ಡ್ ಪ್ರಯಾಣಿಕರನ್ನು ಹೊತ್ತು ಕೊನೆಯ ಸಲ ಲಂಡನ್ನಿನಲ್ಲಿ ಇಳಿಯುವುದಿತ್ತು. ಬಾವನಿಗೆ ಆ ದಿನ ಮಧ್ಯಾಹ್ನ ಬರಲು ಹೇಳಿದೆವು. ಅವರು ಹೇಗೂ ಶನಿವಾರ ಮೇಸ್ತ್ರಿಯನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಕಿತ್ತು. ನನ್ನ ಕಾಗದವನ್ನೂ ತನ್ನಿ ಎಂದೆ. "ಅದು ನನ್ನ ಕಿಸೆಯಲ್ಲೇ ಬರ್ತದೆ ಸಾರ್" ಎಂದರು ಸಂತೋಷದಿಂದ.

ಆರೂಕಾಲಿಗೆ ಟೇಪು ಅಂಟಿಸಲು ಕುಳಿತೆವು. ಗೆರೆ ನೇರ ಇರಬೇಕೆಂದರೆ ಟೇಪಿನ ಅಂಚನ್ನು ಉಗುರಿನಿಂದ ಒತ್ತಬೇಕು. ಮೇಸ್ತ್ರಿಯ ಹೆಬ್ಬೆರಳಿನ ಉಗುರು ಅದಕ್ಕೆಂದೇ ಚಪ್ಪಟೆಯಾಗಿತ್ತು. ನನಗೆ ಅಳತೆಪಟ್ಟಿ ಹಿಡಿಯುವ ಕೆಲಸ ಕೊಟ್ಟು, ನಾನು ಒಂದೂವರೆ ಮಿಲಿಮೀಟರ್ ವ್ಯತ್ಯಾಸ ಹೇಳಿದಾಗಲೆಲ್ಲ ಪಟ್ಟಿಯೇ ಹಳೆಯದೆಂದರು. ಬಲಬದಿಯ ಕೆಂಪು-ನೀಲಿ ಹತ್ತೂವರೆಗೆ ಮುಗಿಯಿತು. ಎಡಬದಿಯ ನೀಲಿ ಹನ್ನೊಂದೂಕಾಲಿಗೆ. ಅವರು ಸ್ನಾನ ಮಾಡಿ ಜುಮಾ ನಮಾಜಿಗೆ ಹೋದರು. ಧೂಳು ಕೂರದಂತೆ ನಾನು ಬಾಗಿಲು ಕಾದೆ. ಎರಡೂವರೆಗೆ ಬಂದು ಹಳದಿಯನ್ನು ಕಲಸಿದರು. ಕೆಂಪನ್ನು ಕಡ್ಡಿಯ ತುದಿಯಿಂದ ಮೂರು ಸಲ ಹನಿಸಿದರು. ಹಕ್ಕಿಯೂ ಹಳದಿ ಪಟ್ಟೆಯೂ ಮುಗಿಯುತ್ತಿದ್ದಂತೆ ಹೊರಗೆ ಪಿಕಪ್ಪಿನ ಹಾರ್ನು ಕೇಳಿತು. ಮೂರೂ ಐವತ್ತು.

ಬಾವ ದಪ್ಪಗಿನ ಆಸಾಮಿ. ಕೈಯಲ್ಲಿ ಹಲ್ವದ ಡಬ್ಬಿ. ಸ್ಪ್ರೇ ಕೋಣೆಯ ಬಾಗಿಲು ವಿಮಾನದ ಬಲಬದಿಗೆ ಇದ್ದದ್ದರಿಂದ ಅವರು ಮೊದಲು ಕಂಡದ್ದು ಕೆಂಪು-ನೀಲಿಯನ್ನು.

"ಮಾಶಾ ಅಲ್ಲಾ. ನಾನು ಹೇಳಿದ್ದು ಇದೇ ಅಲ್ವಾ ಮಾರಾಯ? ಕೊನೆಗೆ ಸರಿಯಾದ ಬಣ್ಣ ಹಾಕಿದೆ."

ಮೇಸ್ತ್ರಿ ಸ್ಟೂಲನ್ನು ಎಡಬದಿಗೆ ಎಳೆದಿಟ್ಟು, ಕೂತುಕೊಂಡು ನೋಡು ಎಂದು ಕೈ ತೋರಿಸಿದರು. ಬಾವ ಮೂತಿಯ ಮುಂದಿನಿಂದ ಸುತ್ತಿ ಬಂದರು. ಹಳದಿ ಹಕ್ಕಿಯನ್ನು ಕಂಡು ನಕ್ಕು, ಕಿಸೆಯಿಂದ ಕಾಗದ ತೆಗೆದು ನನಗೇ ಕೊಟ್ಟರು.

"ಸಾರ್, ಓದಿ ಹೇಳಿ ಇವನಿಗೆ."

ಓದಿದೆ. ನಾಲ್ಕು ಸಾಲು, ದಿನಾಂಕ, ಸಹಿ. ಓದಿ ಮುಗಿಸಿ, ಇದು ತಪ್ಪು ಎಂದೆ. ನಾನು ಒಂದು ಬದಿಯ ಫೋಟೋ ನೋಡಿ ಎರಡು ಬದಿಗೆ ಸಹಿ ಹಾಕಿದೆ, ಮೇಸ್ತ್ರಿ ಹೇಳಿದ್ದು ಮೊದಲಿನಿಂದಲೂ ಸತ್ಯ ಎಂದೆ. ಎರಡು ಚಿತ್ರಗಳನ್ನೂ ಮುಂದಿಟ್ಟೆ. ಪೆನ್ನು ತೆಗೆದು ಕಾಗದದ ಮೇಲೆ ಅಡ್ಡಗೆರೆ ಎಳೆದು, "ರದ್ದು" ಎಂದು ಬರೆದು, ದಿನಾಂಕ, ವೇಳೆ, ಸಹಿ ಹಾಕಿದೆ.

ಬಾವ ಸ್ಟೂಲಿನ ಮೇಲೆ ಕುಳಿತರು. ಹಕ್ಕಿಯನ್ನೇ ದಿಟ್ಟಿಸಿದರು. ಕೋಪ ಬಂತೇನೋ ಎಂದುಕೊಂಡೆ. ಅವರು ಲೆಕ್ಕ ಹಾಕುತ್ತಿದ್ದರು.

"ನಾವು ಸಾಮಾನು ಏರಿಸುವುದು ಬಲಬದಿಯಿಂದ. ಪ್ಯಾಸೆಂಜರ್ ಇಳಿಯುವ ಮೆಟ್ಟಿಲು ಎಡಬದಿ. ಆ ಬದಿಗೆ ಲೋಡರ್‌ಗಳನ್ನು ಬಿಡ್ತಿರಲಿಲ್ಲ ಸಾರ್. ಒಮ್ಮೆ ಮೂತಿಯ ಕೆಳಗಿಂದ ದಾಟಲಿಕ್ಕೆ ಹೋದೆ, ಸೂಪರ್‌ವೈಸರ್ ಯಲ್ಲಾ ಯಲ್ಲಾ ಅಂತ ಓಡಿಸಿದ." ಆಮೇಲೆ ಮೇಸ್ತ್ರಿಯನ್ನು ನೋಡಿ, "ನೀನು ಗುಡಿಸುವವ. ಮೆಟ್ಟಿಲಿನಲ್ಲಿ ಹತ್ತಿ, ಕಸ ಹಿಡಿದು ನಮ್ಮ ಬಲಬದಿಗೆ ಇಳೀತಿದ್ದೆ. ಇದನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆ ಹೇಳಬಾರದಿತ್ತಾ ಮಾರಾಯ?"

"ಹೇಳ್ಳಿಕ್ಕೆ ನೀನು ಬಿರಿಯಾನಿ ಬಿಟ್ಟು ಬಾಯಿ ಮುಚ್ಚಬೇಕಲ್ಲ" ಎಂದರು ಮೇಸ್ತ್ರಿ.

ಈ ಸರಳ ಸಂಗತಿ ನನಗಾದರೂ ಹೊಳೆಯಬೇಕಿತ್ತು. ಹದಿನೈದು ವರ್ಷ ದಿನವೂ ವಿಮಾನದ ಎಡ ಬಲ ಎಂದು ಎರಡು ಪಟ್ಟಿ ಬರೆದವನು ನಾನು. ಆದರೆ ಇಬ್ಬರು ಬಾವಂದಿರು ಒಂದೇ ನಿಲ್ದಾಣದಲ್ಲಿ, ಒಂದೇ ಗಂಟೆಯಲ್ಲಿ, ಒಂದೇ ವಿಮಾನದ ಎರಡು ಬದಿಗೆ ನಿಂತು ದುಡಿದಿದ್ದರು ಎಂದು ಯಾರು ಎಣಿಸುತ್ತಾರೆ.

ಬಾವ ಎದ್ದು, ಫೋನ್ ಎಲ್ಲಿದೆ ಎಂದು ಕೇಳಿದರು. ಗೇಟಿನ ಹೊರಗಿನ ಬೂತಿಗೆ ಮೂವರೂ ಹೋದೆವು. ಕಾರ್ಡು ಹಾಕಿ ಊರಿಗೆ, ತಂಗಿಗೆ, ಅಂದರೆ ಮೇಸ್ತ್ರಿಯ ಹೆಂಡತಿಗೆ ಫೋನ್ ಮಾಡಿದರು. ಮಾತು ಬ್ಯಾರಿಯಲ್ಲಿತ್ತು. ನನಗೆ ತಿಳಿದದ್ದು ಎರಡು ಎಂಬ ಮಾತು, ವಿಮಾನ ಎಂಬ ಮಾತು, ಕಡೆಗೆ ತಮ್ಮ ಎದೆಯ ಮೇಲೆ ಬೆರಳಿಟ್ಟುಕೊಂಡು ಹೇಳಿದ ಒಂದು ಮಾತು. ತಪ್ಪು ನನ್ನದು ಎಂದು ಇರಬೇಕು. ಆಚೆಯಿಂದ ಬಂದ ಉತ್ತರಕ್ಕೆ ಅವರು ರಿಸೀವರನ್ನು ಕಿವಿಯಿಂದ ದೂರ ಹಿಡಿದು ನಕ್ಕರು.

"ಎಂತ ಹೇಳಿದಳು?" ಎಂದು ಕೇಳಿದರು ಮೇಸ್ತ್ರಿ. ಅವರ ಮುಖದಲ್ಲಿ ಆಗ ನಗೆ ಇರಲಿಲ್ಲ.

"ಹೊರಗೆ ಎಂತ ಬಣ್ಣ ಆದರೂ ಆಗಲಿ, ಒಳಗೆ ಸರಿಯಾಗಿ ಗುಡಿಸಿದ್ದಾರಾ ಅಂತ ಕೇಳ್ತಾಳೆ." ಬಾವ ಮುಂದುವರಿಸಿದರು. "ಮತ್ತೆ, ಮಗಳನ್ನು ಕರೆದು ಹೇಳ್ತೇನೆ ಅಂದಳು. ಈಗಲೇ."

ಮೇಸ್ತ್ರಿ ಟೋಪಿ ತೆಗೆದು ಬೋಳುತಲೆ ಒರೆಸಿಕೊಂಡು ಟೋಪಿ ಹಾಕಿಕೊಂಡರು. ಆಮೇಲೆ ಹಲ್ವದ ಡಬ್ಬಿ ಒಡೆದರು. ಮೊದಲ ತುಂಡು ನನಗೆ. ಹಲ್ವವಾದ್ದರಿಂದ ನನ್ನ ಹೆಸರಿನಲ್ಲಿ ನಾನೇ ತಿಂದೆ.

ಏಳು ಗಂಟೆಗೆ ಕ್ಯಾಂಪಿನ ಊಟದ ಕೋಣೆಯಲ್ಲಿ ಟಿವಿಯ ಮುಂದೆ ಕುಳಿತೆವು. ಅಲ್ಲಿದ್ದ ನಲವತ್ತು ಜನರಲ್ಲಿ ಹೆಚ್ಚಿನವರಿಗೆ ಕ್ರಿಕೆಟ್ ಬೇಕಿತ್ತು. ಮೇಸ್ತ್ರಿಯ ಕೊನೆಯ ದಿನವೆಂದು ಬಿಟ್ಟುಕೊಟ್ಟರು. ಏಳೂ ಐದರ ಹೊತ್ತಿಗೆ ಮೂರು ಕಾಂಕಾರ್ಡ್‌ಗಳು ಒಂದರ ಹಿಂದೆ ಒಂದು, ಮೂತಿ ಬಗ್ಗಿಸಿಕೊಂಡು ಇಳಿದವು. ಮೂರೂ ಒಂದೇ ಬಣ್ಣ. ಲಂಡನ್ನಿನಲ್ಲಿ ಜನ ಅಳುತ್ತಿದ್ದರು. ಮೇಸ್ತ್ರಿ ಅಳಲಿಲ್ಲ. ಎರಡನೆಯದರ ಹೊಟ್ಟೆಯ ಕೆಳಗೆ ಹೊಗೆಯ ಕಲೆ ಇದೆ, ತೊಳೆದು ಕಳಿಸಬೇಕಿತ್ತು ಎಂದರು. ಕ್ಯಾಂಪಿನವರು ಮೇಸ್ತ್ರಿಯ ವಿಮಾನ ನೋಡಬೇಕೆಂದರು. ಏಳೂವರೆಗೆ ಎಲ್ಲರೂ ಸ್ಪ್ರೇ ಕೋಣೆಗೆ ಬಂದು ಸಾಲಾಗಿ ಸುತ್ತು ಹಾಕಿ ನೋಡಿ ಹೋದರು.

ಆಮೇಲೆ ನಾವು ಮೂವರೇ ಉಳಿದೆವು. ಫಾರಂ ತುಂಬುವ ಕೆಲಸ ಬಾಕಿ ಇತ್ತು. ಫಾರಂನಲ್ಲಿ ಒಂದೇ ಮುಖಕ್ಕೆ ಜಾಗ. ಆದ್ದರಿಂದ ಎರಡು ಫಾರಂ ತೆಗೆದುಕೊಂಡೆ. ಬಲಬದಿ ನೋಡಿದೆ, ಪಾಸ್, ಸಹಿ. ಎಡಬದಿ ನೋಡಿದೆ. ಬಾಲದ ಕೆಳಗೆ, ಹಳದಿ ಪಟ್ಟೆಯ ಅಂಚಿನಲ್ಲಿ, ಬಣ್ಣ ಸ್ವಲ್ಪ ಹೆಚ್ಚಾಗಿ ಕೆಳಗೆ ಜಾರಿ ನಿಂತಿತ್ತು. ಅಕ್ಕಿಕಾಳಿನಷ್ಟು. ಪಿಕಪ್ಪಿನ ಹಾರ್ನು ಕೇಳಿದಾಗ ಕೈ ಆತುರಪಟ್ಟಿರಬೇಕು. ನಾಲ್ಕು ವರ್ಷದ ಹಿಂದಿನ ನನ್ನ ಕಾಗದ ನೆನಪಾಯಿತು. ಪಾಸ್ ಎಂದು ಬರೆದೆ.

ಮೇಸ್ತ್ರಿ ನನ್ನ ಭುಜದ ಹಿಂದೆ ನಿಂತಿದ್ದರು.

"ಸರ್, ಅದು ಕಂಡಿತಲ್ವಾ ನಿಮಗೆ?"

ಕಂಡಿತು ಎಂದೆ.

"ಹನ್ನೊಂದು ವರ್ಷದಲ್ಲಿ ನೀವು ನನ್ನ ಒಂದು ಜಾರು ಬಿಟ್ಟದ್ದಿಲ್ಲ. ಇವತ್ತು ಪಾಪ ಅಂತ ಬಿಟ್ಟರೆ, ಆ ಫಾರಂ ಕೂಡಾ ಸುಳ್ಳೇ ಆಗ್ತದೆ. ರಿಜೆಕ್ಟ್ ಬರೀರಿ."

ಬಾವ ಅಷ್ಟು ಸಣ್ಣದಕ್ಕೆ ಯಾಕೆ ಹಟ ಎಂದರು. ಮೇಸ್ತ್ರಿ ಅವರ ಕಡೆ ನೋಡಲೂ ಇಲ್ಲ. ನಾನು ಪಾಸ್ ಹೊಡೆದು ಹಾಕಿ ರಿಜೆಕ್ಟ್ ಎಂದು ಬರೆದು, ಕಾರಣ ಬರೆದು, ಸಹಿ ಹಾಕಿದೆ. ಅವರ ಮುಖ ಅರಳಿತು. ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದವರು ತೋಳು ಮಡಚಿಕೊಂಡು, ಸಣ್ಣ ಮರಳುಕಾಗದದಿಂದ ಜಾರನ್ನು ಉಜ್ಜಿ, ಒರೆಸಿ, ಟೇಪು ಒತ್ತಿ, ಮತ್ತೆ ಮೂರು ಸಲ ತೆಳ್ಳಗೆ ಸಿಂಪಡಿಸಿದರು. ಒಣಗಲು ಬಿಸಿ ದೀಪ ಹಿಡಿಯುವ ಕೆಲಸ ಬಾವನ ಪಾಲಿಗೆ ಬಂತು. ಅರ್ಧ ಗಂಟೆ ದೀಪ ಹಿಡಿದು ನಿಂತು, ಇಷ್ಟು ಹೊತ್ತಿನಲ್ಲಿ ನಿಜವಾದ ವಿಮಾನ ಬಹರೇನಿಗೆ ಬಂದಿರುತ್ತಿತ್ತು ಎಂದು ಗೊಣಗಿದರು. ಎಂಟೂ ಮೂವತ್ತೈದಕ್ಕೆ ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಹೊಸ ಫಾರಂ. ಎಡಬದಿ: ಪಾಸ್. ಸಹಿ.

ಗೋಡೆಗೆ ತೂಗಿದರೆ ಒಂದು ಬದಿ ಮುಚ್ಚಿಹೋಗುತ್ತದೆ. ಆದ್ದರಿಂದ ಓಣಿಯ ನಡುವೆ ಸೂರಿಗೆ ಎರಡು ಕೊಕ್ಕೆ ಹೊಡೆದೆವು. ಮೇಸ್ತ್ರಿ ಏಣಿ ಹತ್ತಿದರು, ನಾನು ಬಾಲ ಹಿಡಿದೆ, ಬಾವ ಮೂತಿ ಹಿಡಿದರು. ತಂತಿ ಬಿಗಿದು ಸಮತಟ್ಟು ನೋಡಿ ಅವರು ಕೆಳಗಿಳಿದರು. ಈಚೆ ಬಲಬದಿಯಿಂದಲೂ ಒಮ್ಮೆ ನೋಡಿ, ಗೆರೆ ಸರಿ ಇದೆಯೇ ಹೇಳಿ ಎಂದು ನಾನು ಬಾವನನ್ನು ಕರೆದೆ. ಅವರು ಹಳದಿ ಹಕ್ಕಿಯ ಕೆಳಗೆ ಕೈ ಕಟ್ಟಿ ನಿಂತಿದ್ದವರು ಕದಲಲಿಲ್ಲ.

"ಆ ಬದಿ ನಾನು ಸಾಕಷ್ಟು ನೋಡಿ ಆಗಿದೆ ಸಾರ್. ಇಲ್ಲೇ ಸ್ವಲ್ಪ ಹೊತ್ತು ಇರ್ತೇನೆ."

ಮೇಸ್ತ್ರಿ ಹೋಗಿ ಅವರ ಪಕ್ಕ ನಿಂತರು. ನಾನು ಏಣಿಯನ್ನು ಸ್ಪ್ರೇ ಕೋಣೆಯೊಳಗಿಟ್ಟು ಅದಕ್ಕೆ ಬೀಗ ಹಾಕಿದೆ. ಒಂಬತ್ತು ಗಂಟೆ ಐದು ನಿಮಿಷ.